ಗಾಳಕ್ಕೆ ಬೇಕಾದಷ್ಟು

ಬೀಸುಬಲೆ ಕಲಿಯುವ ಹುಡುಗರು ಮೊದಲು ಅಂಗಳಕ್ಕೆ ಇಳಿಯುತ್ತಾರೆ; ನೀರಿಗೆ ಇಳಿಯುವುದು ಆಮೇಲೆ. ಅಘನಾಶಿನಿ ಕಡಲು ಸೇರುವ ಕುಮಟಾ ತಾಲ್ಲೂಕಿನ ಊರುಗಳಲ್ಲಿ ಸಂಜೆ ಹೊತ್ತು ತಿರುಗಾಡಿದರೆ, ತೆಂಗಿನ ತೋಟದ ಬದಿಯಲ್ಲೋ ಕೊಯ್ಲು ಮುಗಿದ ಗದ್ದೆಯಲ್ಲೋ ಒಣನೆಲದ ಮೇಲೆ ಬಲೆ ಬೀಸುವ ಹುಡುಗರು ಕಾಣಸಿಗುವುದುಂಟು. ನೀರಿಗೆ ಬಿದ್ದ ಬಲೆಯ ಆಕಾರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಳುಗಿಹೋಗುತ್ತದೆ. ನೆಲಕ್ಕೆ ಬಿದ್ದದ್ದು ಬಿದ್ದ ಹಾಗೇ ಇರುತ್ತದೆ. ಎಲ್ಲಿ ಮಡಿಕೆ ಬಿಚ್ಚಲಿಲ್ಲ, ಯಾವ ಬದಿಯ ಸೀಸದ ಗುಂಡುಗಳು ಒಂದರ ಮೇಲೊಂದು ಬಿದ್ದವು, ಸುತ್ತು ಎಲ್ಲಿ ಮುರಿಯಿತು ಎಂಬುದನ್ನು ನಿಂತು ನೋಡಬಹುದು. ಹುಲ್ಲುನೆಲವಾದರೆ ಒಳ್ಳೆಯದು, ಕಲ್ಲಿನ ಮೇಲೆ ಎಸೆದರೆ ಬಲೆಯ ಕಣ್ಣು ಹರಿಯುತ್ತದೆ.

ನಮ್ಮ ಕರಾವಳಿಯಲ್ಲಿ ಬಲೆಗಳಿಗೆ ಬರವಿಲ್ಲ. ಹತ್ತಾರು ಮಂದಿ ದಡದಲ್ಲಿ ನಿಂತು ಎರಡೂ ಕಡೆಯಿಂದ ಎಳೆಯುವ ರಂಪಣಿ ಇದೆ, ಹೊಳೆಗೆ ಅಡ್ಡ ಕಟ್ಟುವ ಬಲೆ ಇದೆ, ದೋಣಿಯಿಂದ ಬಿಟ್ಟು ರಾತ್ರಿಯಿಡೀ ಕಾಯುವ ಬಲೆ ಇದೆ. ಬೀಸುಬಲೆ ಮಾತ್ರ ಒಬ್ಬನದು. ಹೊತ್ತು ತರುವವನೂ ಬೀಸುವವನೂ ಎಳೆಯುವವನೂ ಒಬ್ಬನೇ. ಮನೆಯ ಸಾರಿಗೆ ನಾಲ್ಕು ಮೀನು ಬೇಕಾದಾಗ ಇದನ್ನು ಹೆಗಲಿಗೆ ಹಾಕಿಕೊಂಡು ಹೊಳೆಗೆ ಹೋಗುವವರು ಬಹಳ. ಇವತ್ತು ನಾನು ಹೇಳಹೊರಟಿರುವುದು ಇದರ ಇನ್ನೊಂದು ಕೆಲಸದ ಬಗ್ಗೆ: ಗಾಳದ ಎರೆಗೆ ಸಣ್ಣ ಮೀನು ಹಿಡಿಯುವುದು. ಕೆಂಬೇರಿ, ಕುರುಡಿಯಂಥ ದೊಡ್ಡ ಮೀನುಗಳು ಸತ್ತ ಎರೆಗೂ ಬಾಯಿ ಹಾಕುತ್ತವೆ. ಆದರೆ ಜೀವಂತ ಸಿಗಡಿಯೋ ಶೇವಟೆ ಮರಿಯೋ ಕೊಕ್ಕೆಯಲ್ಲಿ ಮಿಡುಕುತ್ತಿದ್ದರೆ ಅವು ಬರುವ ರೀತಿಯೇ ಬೇರೆ. ಅಳಿವೆಯ ಕಾಂಡ್ಲಾ ಮರಗಳ ಬೇರಿನ ಸಂದಿಯಲ್ಲಿ, ಸೇತುವೆ ಕಂಬದ ನೆರಳಿನಲ್ಲಿ ಹೊಂಚು ಹಾಕಿ ಕೂತ ಮೀನು ಆ ಮಿಡುಕಾಟಕ್ಕೆ ಹೊರಗೆ ಬರುತ್ತದೆ.

ಶೇವಟೆಯನ್ನು ಗಾಳ ಹಾಕಿಯೇ ಹಿಡಿಯೋಣವೆಂದರೆ ಅದು ಗಾಳಕ್ಕೆ ಸುಲಭಕ್ಕೆ ಸಿಗುವ ಜಾತಿಯಲ್ಲ. ಕೆಸರಿನ ಮೇಲಿನ ಪಾಚಿಯ ಪದರ, ಕೊಳೆತ ಎಲೆಯ ಚೂರು, ಅದರಲ್ಲಿ ಬದುಕುವ ಕಣ್ಣಿಗೆ ಕಾಣದ ಜೀವಿಗಳು, ಇವೇ ಅದರ ಮೇವು. ಮಣ್ಣು ಸಮೇತ ಹೀರಿಕೊಂಡು, ಬೇಕಾದ್ದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಉಗುಳುತ್ತದೆ. ಹೀಗೆ ಕೆಸರು ಮೇಯುವ ಮೀನಿಗೆ ಕೊಕ್ಕೆಯ ತುದಿಯ ಹುಳುವಿನ ಆಸೆ ಇರುವುದಿಲ್ಲ. ಆದ್ದರಿಂದ ಗಾಳದವನಿಗೂ ಬಲೆ ಬೇಕು.

ಆ ಬಲೆಯನ್ನು ನೆಲದ ಮೇಲೆ ಹರಡಿದರೆ ತುಂಬು ವೃತ್ತ. ನಡುವಿನ ತುದಿ ಹಿಡಿದು ಎತ್ತಿದರೆ ಕೆಳಕ್ಕೆ ಅಗಲವಾಗುತ್ತ ಹೋಗುವ ಶಂಕು. ಕೈಯಲ್ಲಿ ಹೆಣೆಯುವವರು ತುದಿಯಿಂದ ಶುರು ಮಾಡುತ್ತಾರೆ. ಕೆಲವೇ ಕಣ್ಣುಗಳಿಂದ ಆರಂಭಿಸಿ, ಸುತ್ತು ಇಳಿದಂತೆಲ್ಲ ಅಲ್ಲಲ್ಲಿ ಹೆಚ್ಚಿನ ಕಣ್ಣು ಸೇರಿಸಬೇಕು. ಆ ಲೆಕ್ಕ ತಪ್ಪಿದರೆ ಬಲೆ ಚಪ್ಪಟೆಯಾಗಿ ಹರಡದೆ ಜೋತುಬೀಳುತ್ತದೆ. ಕಣ್ಣುಗಳೆಲ್ಲ ಒಂದೇ ಗಾತ್ರದಲ್ಲಿರಲೆಂದು ಬಿದಿರಿನ ಚಪ್ಪಟೆ ಕಡ್ಡಿಯೊಂದು ಬೆರಳಸಂದಿಯಲ್ಲಿ ಇರುತ್ತದೆ. ಹಿಂದೆ ಹತ್ತಿಯ ದಾರ, ಸೆಣಬಿನ ದಾರ ಇದ್ದ ಕಾಲದಲ್ಲಿ ಉಪ್ಪುನೀರಿಗೆ ಬಲೆ ಕೊಳೆಯದಿರಲೆಂದು ಮರದ ತೊಗಟೆಯ ಚೊಗರು ರಸದಲ್ಲಿ ಅದ್ದಿ ಒಣಗಿಸುತ್ತಿದ್ದರು. 1960ರ ಸುಮಾರಿಗೆ ನೈಲಾನ್ ಬಂದು ಆ ಕೆಲಸ ತಪ್ಪಿತು. ಆಮೇಲೆ ಒಂಟಿ ಎಳೆಯ ತಂಗೂಸಿ ಬಂತು. ತಂಗೂಸಿ ಕೊಳೆಯುವುದಿಲ್ಲ, ನೀರಿನಲ್ಲಿ ಎದ್ದು ಕಾಣುವುದೂ ಇಲ್ಲ. ಬಿಸಿಲಿಗೆ ಬಿಟ್ಟರೆ ಮಾತ್ರ ಗಡುಸಾಗಿ ಮುರಿಯುತ್ತದೆ. ಹೊಳೆಯಿಂದ ಬಂದ ಮೇಲೆ ಬಲೆಯನ್ನು ಸಿಹಿನೀರಿನಲ್ಲಿ ಜಾಲಾಡಿ ನೆರಳಿನಲ್ಲಿ ಒಣಹಾಕಬೇಕು ಎಂದು ಹಿರಿಯರು ಗದರುವುದು ಇದಕ್ಕೇ. ಕೊಳೆಯದ ದಾರಕ್ಕೆ ಇನ್ನೊಂದು ಮುಖವೂ ಇದೆ. ಹರಿದು ನೀರಿನಲ್ಲೇ ಉಳಿದ ತುಂಡು ವರ್ಷಗಟ್ಟಲೆ ಏಡಿಯನ್ನೂ ಮೀನನ್ನೂ ಸಿಕ್ಕಿಸಿ ಕೊಲ್ಲುತ್ತಲೇ ಇರುತ್ತದೆ. ಹರಿದದ್ದನ್ನು ಮನೆಗೆ ತರಬೇಕು.

ಅಂಚಿನ ಸುತ್ತಲೂ ಸೀಸದ ಗುಂಡು ಪೋಣಿಸಿದ ಹಗ್ಗ. ನಮ್ಮಲ್ಲಿ ಅಂಚನ್ನು ಒಳಕ್ಕೆ ಮಡಚಿ ಅಲ್ಲಲ್ಲಿ ಕಟ್ಟಿರುತ್ತಾರೆ; ಒಳಗೆ ಸುತ್ತಲೂ ಜೇಬುಗಳಾಗುತ್ತವೆ. ಬಲೆಯನ್ನು ಎಳೆಯುವಾಗ ಮೀನು ಕೆಳಕ್ಕೆ ನುಗ್ಗಿ ಆ ಜೇಬಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಮೆರಿಕದ ಫ್ಲಾರಿಡಾದ ಕಡೆ ಎರೆಮೀನಿಗೆ ಬಳಸುವ ಬಲೆಯಲ್ಲಿ ಜೇಬಿನ ಬದಲು ದಾರಗಳಿರುತ್ತವೆ. ನಡುವಿನ ಉಂಗುರದೊಳಗಿಂದ ಅಂಚಿಗೆ ಹೋದ ಆ ದಾರಗಳನ್ನು ಎಳೆದರೆ ಅಂಚು ಒಳಕ್ಕೆ ಕೂಡಿ ಬಾಯಿ ಮುಚ್ಚುತ್ತದೆ. ಆಳದ ನೀರಿಗೆ ಅದು ಅನುಕೂಲ. ನಮ್ಮ ಹೊಳೆಯ ಕೆಸರುತಳಕ್ಕೆ ಜೇಬಿನ ಬಲೆಯೇ ಒಗ್ಗಿದ್ದು.

ಬೀಸುವ ಕ್ರಮ ಊರಿಗೊಂದು, ಕೈಗೊಂದು. ನಾನು ಕಲಿತ ಕ್ರಮದಲ್ಲಿ ಹಗ್ಗದ ಕುಣಿಕೆ ಎಡ ಮಣಿಕಟ್ಟಿಗೆ, ಹಗ್ಗದ ಸುರುಳಿ ಅದೇ ಕೈಗೆ. ಬಲೆಯ ಮೇಲ್ಭಾಗವನ್ನೂ ಅದೇ ಅಂಗೈಯಲ್ಲಿ ಮಡಚಿ ಹಿಡಿದು, ಸೀಸದ ಅಂಚು ಮೊಣಕಾಲಿನ ಮಟ್ಟದಲ್ಲಿ ತೂಗುವಂತೆ ಇಳಿಬಿಡಬೇಕು. ಅಂಚಿನ ಒಂದು ಪಾಲನ್ನು ಎಡ ಮೊಣಕೈಯ ಮೇಲೆ ಹೊದಿಸಿಕೊಳ್ಳಬೇಕು. ಉಳಿದದ್ದರಲ್ಲಿ ಅರ್ಧವನ್ನು ಬಲಗೈಗೆ ತೆಗೆದುಕೊಳ್ಳಬೇಕು. ಆಮೇಲೆ ಬೆನ್ನು ನೀರಿನ ಕಡೆ ಬರುವಷ್ಟು ಸೊಂಟ ತಿರುಗಿಸಿ, ಒಂದೇ ಬೀಸಿಗೆ ಮುಂದಕ್ಕೆ ತಿರುಗಿ ಬಿಡಬೇಕು. ಮೊದಲು ಬಲಗೈಯ ಪಾಲು ಹೋಗುತ್ತದೆ, ಅದರ ಹಿಂದೆಯೇ ಎಡ ಅಂಗೈಯಲ್ಲಿದ್ದದ್ದು. ಮೊಣಕೈಯ ಮೇಲಿದ್ದದ್ದು ಕೊನೆಗೆ ತಾನಾಗಿ ಜಾರುತ್ತದೆ. ಕೊಡೆಯನ್ನು ತಿರುಗಿಸಿದಾಗ ಅಂಚಿನ ಮಳೆಹನಿಗಳು ಹೊರಕ್ಕೆ ಹಾರುವಂತೆ ಸೀಸದ ಗುಂಡುಗಳು ಸುತ್ತುತ್ತ ಹೊರಕ್ಕೆ ಓಡುತ್ತವೆ. ಅವುಗಳ ಹಿಂದೆ ಬಲೆ ಅರಳುತ್ತದೆ. ತೋಳಿನ ಬಲದಿಂದ ನೇರಕ್ಕೆ ಎಸೆದರೆ ಈ ಸುತ್ತು ಹುಟ್ಟುವುದಿಲ್ಲ. ಬಲೆ ದೂರ ಹೋಗಿ, ಮುದ್ದೆಯಾಗಿ ಬೀಳುತ್ತದೆ.

ಮೊಮ್ಮಗನಿಗೆ ಕಲಿಸುತ್ತಿದ್ದ ಅಜ್ಜನೊಬ್ಬರ ಮಾತು ನನಗೆ ಚೆನ್ನಾಗಿ ನೆನಪಿದೆ.

“ತಮಾ, ಕೈಲಿ ಎಸೀಬೇಡ. ಸೊಂಟ ತಿರುಗ್ಸು, ಬಲೆ ತಾನೇ ಹೋಗ್ತದೆ.”

“ಹಾಂಗಾದ್ರೆ ದೂರ ಹೋಗೂದಿಲ್ಲ ಅಜ್ಜ.”

“ದೂರ ಎಂತಕ್ಕೆ? ಮೊದಲು ಅರಳಲಿ.”

ಆ ಅಜ್ಜ ಮಾತು ಮುಗಿಸಿ ಹುಡುಗನ ಹಿಂದೆ ಹೋಗಿ ನಿಂತರು. ಅವನ ಸೊಂಟದ ಎರಡೂ ಬದಿ ಹಿಡಿದು, ಖಾಲಿ ಕೈಯಲ್ಲೇ ತಿರುಗುವುದನ್ನು ಮಾಡಿಸಿದರು. ಬಲೆಯನ್ನು ಮತ್ತೆ ಅವನ ಕೈಗೆ ಕೊಟ್ಟದ್ದು ಬಹಳ ಹೊತ್ತಿನ ಮೇಲೆ. ಇಂಥ ಗುರುಗಳು ನಮ್ಮ ಹೊಳೆಬದಿಯಲ್ಲಿ ಇನ್ನೂ ಇದ್ದಾರೆ ಎಂಬುದು ನನಗೆ ದೊಡ್ಡ ಸಮಾಧಾನ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಅಂಚಿನ ಒಂದು ಭಾಗವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಕೊನೆ ಗಳಿಗೆಯಲ್ಲಿ ಬಾಯಿ ಬಿಡುವ ಕ್ರಮವೊಂದಿದೆ. ಮೂರು ಕಡೆ ಹಿಡಿದಂತಾಗುವುದರಿಂದ ಬಲೆ ಚೆನ್ನಾಗಿ ಅರಳುತ್ತದೆ, ನಿಜ. ಆದರೆ ಸೀಸ ವಿಷ. ಮೈ ಸೇರಿದರೆ ನರಗಳಿಗೆ ಕೆಡುಕು, ಬೆಳೆಯುವ ಮಕ್ಕಳ ಮಿದುಳಿಗೆ ಇನ್ನೂ ಹೆಚ್ಚು ಕೆಡುಕು. ಮಕ್ಕಳಿಗೆ ಮೊಣಕೈಯ ಕ್ರಮವನ್ನೇ ಕಲಿಸಬೇಕು, ಬೀಸಿ ಬಂದ ಮೇಲೆ ಕೈ ತೊಳೆಯದೆ ಉಣ್ಣಲು ಬಿಡಬಾರದು. ಹಾಗೆಯೇ ಮಣಿಕಟ್ಟಿನ ಕುಣಿಕೆ ಸಡಿಲವಾಗಿರಬೇಕು. ಬಲೆ ಬೇರಿಗೋ ಬಂಡೆಗೋ ಸಿಕ್ಕಿ ನೀರಿನ ಸೆಳೆತ ಜೋರಾದರೆ ಕೈಯಿಂದ ಕಳಚಿ ಬಿಡುವಂತಿರಬೇಕು.

ಹೊಸಬರು ದೊಡ್ಡ ಬಲೆಗೆ ಆಸೆಪಡುತ್ತಾರೆ. ಶಾಲೆಯಲ್ಲಿ ಕಲಿತ ಲೆಕ್ಕವೇ ಇದಕ್ಕೆ ಉತ್ತರ. ನಡುವಿನಿಂದ ಅಂಚಿಗೆ 5 ಅಡಿ ಇರುವ ಬಲೆ ಪೂರ್ತಿ ಅರಳಿದರೆ ಸುಮಾರು 78 ಚದರ ಅಡಿ ನೀರನ್ನು ಮುಚ್ಚುತ್ತದೆ. 10 ಅಡಿಯ ಬಲೆ ಪೂರ್ತಿ ಅರಳಿದರೆ 314 ಚದರ ಅಡಿ. ಅದೇ 10 ಅಡಿಯದು ಕಲಿಯದ ಕೈಯಲ್ಲಿ 20 ಅಡಿ ಉದ್ದ, 4 ಅಡಿ ಅಗಲದ ಸಪೂರ ಅಂಡಾಕಾರವಾಗಿ ಬಿದ್ದರೆ ಮುಚ್ಚುವುದು ಬರೀ 63 ಚದರ ಅಡಿ, ಅರಳಿದ ಚಿಕ್ಕ ಬಲೆಗಿಂತಲೂ ಕಡಿಮೆ. ಮೇಲಾಗಿ ಅದರ ಸೀಸದ ಭಾರಕ್ಕೆ ಹೆಗಲು ಸೋಲುತ್ತದೆ, ಒದ್ದೆಯಾದ ಮೇಲೆ ಇನ್ನಷ್ಟು. ಎರೆಗಾಗಿ ಹೋಗುವವನಿಗೆ 5 ಅಡಿಯದೇ ಸಾಕು. ಯಾಕೆ ಸಾಕು ಎಂಬುದನ್ನು ಮುಂದೆ ಹೇಳುತ್ತೇನೆ.

ನೀರನ್ನು ನೋಡಲು ಕಲಿಯುವುದಕ್ಕೆ ಬೀಸಲು ಕಲಿತದ್ದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ನಿನ್ನೆಯ ಹೊತ್ತಿಗೆ ಇವತ್ತು ಹೋದರೆ ನೀರು ನಿನ್ನೆಯ ಜಾಗದಲ್ಲಿ ಇರುವುದಿಲ್ಲ. ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ಉಬ್ಬರ ತುಂಬಿ ಇಳಿತ ಶುರುವಾದಾಗ ಗಜನಿಗಳಿಂದ, ಅಂದರೆ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವ ಹೊಳೆಬದಿಯ ತಗ್ಗುಗದ್ದೆಗಳಿಂದ, ನೀರು ತೂಬಿನ ಬಾಯಲ್ಲಿ ಹೊರಕ್ಕೆ ಹರಿಯುತ್ತದೆ. ಅದರೊಂದಿಗೆ ಸಿಗಡಿಯೂ ಸಣ್ಣ ಮೀನೂ ಬರುತ್ತವೆ. ಬೆಳ್ಳಕ್ಕಿಗಳು ಅಲ್ಲಿ ಮೊದಲೇ ಬಂದು ನಿಂತಿರುತ್ತವೆ. ಅವು ಎಲ್ಲಿ ನೋಡುತ್ತಿವೆಯೋ ಅಲ್ಲಿ ನಾವೂ ನೋಡಬೇಕು. ಶೇವಟೆಯ ಹಿಂಡು ನೀರಿನ ಮೇಲ್ಮೈಯಲ್ಲೇ ಸಣ್ಣ ನಡುಕ ಎಬ್ಬಿಸುತ್ತ ಸಾಗುತ್ತದೆ. ನಮ್ಮ ನೆರಳು ಅದರ ಮೇಲೆ ಬೀಳದಂತೆ ಬಿಸಿಲಿಗೆ ಮುಖ ಮಾಡಿ ನಿಂತು, ಹಿಂಡು ಹೋಗುವ ದಿಕ್ಕಿನಲ್ಲಿ ಅದರ ಒಂದು ಮಾರು ಮುಂದಕ್ಕೆ ಬೀಸಬೇಕು. ಸೊಂಟಕ್ಕಿಂತ ಆಳದಲ್ಲಿ ಬೀಸಿ ಫಲವಿಲ್ಲ. ಸೀಸ ತಳ ಮುಟ್ಟುವುದರೊಳಗೆ ಮೀನು ಅಂಚಿನ ಅಡಿಯಿಂದ ಪಾರಾಗುತ್ತದೆ. ನಡೆಯುವಾಗ ಕಾಲೆತ್ತಿ ಇಡದೆ ಕೆಸರಿನಲ್ಲಿ ಎಳೆಯುತ್ತ ನಡೆಯಬೇಕು. ತಳದಲ್ಲಿ ಮಲಗಿದ ತೊರಕೆ ಮೀನಿಗೆ ನಾವು ಬರುವುದು ತಿಳಿದು, ಅದು ಸರಿದುಹೋಗುತ್ತದೆ. ಮೇಲೆ ಕಾಲಿಟ್ಟರೆ ಅದರ ಬಾಲದ ಮುಳ್ಳಿನ ಏಟು ದಿನಗಟ್ಟಲೆ ನೋಯಿಸುತ್ತದೆ.

ಬ್ರೆಜಿಲಿನ ಲಗುನಾ ಪಟ್ಟಣದಲ್ಲಿ ಬೀಸುಬಲೆಯವರಿಗೆ ಈ ನೋಟದಲ್ಲಿ ಜೊತೆಗಾರರಿದ್ದಾರೆ. ಅಲ್ಲಿ ಡಾಲ್ಫಿನ್‌ಗಳು ಶೇವಟೆಯ ಜಾತಿಯ ಮೀನುಗಳನ್ನೇ ದಡದ ಕಡೆ ಅಟ್ಟಿ ತರುತ್ತವೆ. ನೂರಕ್ಕೂ ಹೆಚ್ಚು ವರ್ಷಗಳಿಂದ ಅಲ್ಲಿಯ ಜನ ಮೊಣಕಾಲು ನೀರಿನಲ್ಲಿ ಸಾಲಾಗಿ ನಿಂತು, ಡಾಲ್ಫಿನ್ ಸರಕ್ಕನೆ ಮುಳುಗುವ ಗುರುತಿಗೆ ಕಾದು ಬಲೆ ಬೀಸುತ್ತಾರೆ. ಚದುರಿದ ಮೀನು ಡಾಲ್ಫಿನ್ ಪಾಲು, ಬಲೆಯಡಿಯದು ಮನುಷ್ಯನ ಪಾಲು. ಗುರುತು ಸಿಗದೆ ಬೀಸಿದವನಿಗೆ ಸಿಗುವುದು ತೀರಾ ಕಡಿಮೆ. ಮ್ಯಾನ್ಮಾರ್‌ನ ಐರಾವತಿ ನದಿಯಲ್ಲೂ ಇಂಥದೇ ಜೊತೆಗಾರಿಕೆ ಇದೆ.

ಮೀನು ಸಿಕ್ಕಿತು ಎನ್ನೋಣ. ಮಾರುವುದಕ್ಕೆ ಹಿಡಿಯುವವನಿಗೆ ಇಲ್ಲಿಗೆ ಕೆಲಸದ ಅರ್ಧ ಮುಗಿಯಿತು; ಎರೆಗೆ ಹಿಡಿದವನಿಗೆ ಈಗ ಶುರು. ಅವನ ಮೀನು ಬದುಕಿರಬೇಕು. ಬಕೆಟ್ಟಿನ ನೀರು ಬಿಸಿಯಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಹತ್ತು ಮರಿ ಇದ್ದಲ್ಲಿ ಮೂವತ್ತು ತುಂಬಿದರೆ ಮೂವತ್ತೂ ಬಾಯಿ ತೆರೆದು ಮೇಲೆ ಬರುತ್ತವೆ. ಹೀಗಾಗಿ ತಿಳಿದವರು ಬಕೆಟ್ಟಿಗೆ ಒದ್ದೆ ಗೋಣಿ ಹೊದಿಸುತ್ತಾರೆ, ಆಗಾಗ ಹೊಳೆಯ ಹೊಸ ನೀರು ಹಾಕುತ್ತಾರೆ. ಇನ್ನೂ ಒಳ್ಳೆಯದೆಂದರೆ ಬುಟ್ಟಿಯನ್ನು ನೀರಿನಲ್ಲೇ ಅರ್ಧ ಮುಳುಗಿಸಿ ಕಟ್ಟುತ್ತಾರೆ. ಲಕ್ಷದ್ವೀಪದ ಮಿನಿಕಾಯ್‌ನವರು ಇದನ್ನು ದೋಣಿಯೊಳಗೇ ಮಾಡಿಕೊಂಡಿದ್ದಾರೆ. ಗಾಳಕೋಲಿನಲ್ಲಿ ಟ್ಯೂನಾ ಹಿಡಿಯುವ ಅವರ ದೋಣಿಗಳ ಹೊಟ್ಟೆಯಲ್ಲಿ ತೂತುಗಳಿರುವ ತೊಟ್ಟಿಯೊಂದಿದ್ದು, ಕಡಲನೀರು ಅದರೊಳಗೆ ಹೊಕ್ಕು ಹೊರಡುತ್ತಿರುತ್ತದೆ. ಹವಳದ ದಿಬ್ಬದೊಳಗಿನ ಆಳವಿಲ್ಲದ ಕಡಲನೀರಿನಲ್ಲಿ ಹಿಡಿದ ಸಣ್ಣ ಮೀನು ಅದರಲ್ಲಿ ಜೀವಂತ ಉಳಿಯುತ್ತದೆ. ಟ್ಯೂನಾ ಎಷ್ಟು ಸಿಗಬಹುದು ಎಂಬುದು ಬಹುಮಟ್ಟಿಗೆ ಆ ತೊಟ್ಟಿಯೊಳಗಿನ ಸಣ್ಣ ಮೀನಿನ ಮೇಲೆ ನಿಂತಿದೆ.

ಎರೆಗೆ ಹಿಡಿಯುವ ಬಲೆಯ ಮೇಲೆ ನನಗಿರುವ ಗೌರವಕ್ಕೆ ಕಾರಣ ಇಲ್ಲಿದೆ. ಸಂತೆಗೆ ಹಿಡಿಯುವ ಬಲೆಗೆ ಮಿತಿಯನ್ನು ಸರ್ಕಾರ ಹಾಕಬೇಕು, ಕಾಯಿದೆ ಹಾಕಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯಬಾರದು ಎಂದು ಹೇಳಬೇಕಾಗುತ್ತದೆ. ಎರೆಯ ಬಲೆಯ ಮಿತಿ ಅದರ ಕೆಲಸದೊಳಗೇ ಇದೆ. ಕೊಕ್ಕೆ ಎಷ್ಟಿದೆಯೋ ಅಷ್ಟು ಮೀನು ಬೇಕು. ಬಕೆಟ್ಟಿನ ನೀರು ಎಷ್ಟನ್ನು ಬದುಕಿಸೀತೋ ಅಷ್ಟನ್ನೇ ಇಟ್ಟುಕೊಳ್ಳಲು ಸಾಧ್ಯ. ಹೆಚ್ಚು ತುಂಬಿದವನ ಎರೆ ಸತ್ತು, ಗಾಳವೂ ಖಾಲಿ ಬರುತ್ತದೆ. ಒಂದು ಬೀಸು, ಹೆಚ್ಚೆಂದರೆ ಇನ್ನೊಂದು. ಅಷ್ಟಕ್ಕೆ ಬಲೆ ಮಡಚಬಹುದು. 5 ಅಡಿ ಸಾಕು ಎಂದದ್ದು ಅದಕ್ಕೇ.

ಈ ಮಿತಿ ಹೊಳೆಯ ಬಾಯಿಗೆ ಬಹಳ ಮುಖ್ಯ. ಅಘನಾಶಿನಿಗೆ ಅಣೆಕಟ್ಟಿಲ್ಲ. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕಾಡಿನ ಮಣ್ಣನ್ನೂ ಎಲೆಯ ಗೊಬ್ಬರವನ್ನೂ ತಡೆಯಿಲ್ಲದೆ ತದಡಿಯ ಅಳಿವೆಗೆ ತಂದು ಸುರಿಯುತ್ತದೆ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಬಳಚು ಹೆಕ್ಕುವ ಹೆಂಗಸರಿಗೆ, ಗಜನಿಯ ರೈತರಿಗೆ ಇದರ ಬೆಲೆ ಪಟ್ಟಿಗೆ ಸೇರುವ ಮೊದಲೇ ಗೊತ್ತಿತ್ತು. ಶೇವಟೆ ಕಡಲಿನಲ್ಲಿ ಮೊಟ್ಟೆಯಿಡುತ್ತದೆ, ಮರಿಗಳು ಬೆಳೆಯಲು ಇಲ್ಲಿಗೆ ಬರುತ್ತವೆ. ಸಿಗಡಿಯ ಬಾಳೂ ಹೀಗೆಯೇ. ಕೆಂಬೇರಿ ಮರಿಗಳು ಕಾಂಡ್ಲಾ ಬೇರುಗಳ ನಡುವೆ ದೊಡ್ಡವಾಗುತ್ತವೆ. ಕುರುಡಿಯದಂತೂ ವಿಶೇಷ: ಅದು ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷಗಳಾದ ಮೇಲೆ ಹೆಣ್ಣಾಗುತ್ತದೆ. ಮೊಟ್ಟೆಯಿಡುವ ಒಂದು ಕುರುಡಿ ಬೇಕಾದರೆ ಒಂದು ಮರಿ ಹಲವು ಮಳೆಗಾಲ ದಾಟಿ ಬದುಕಿರಬೇಕು. ಎರೆಯ ಬಲೆಯ ಕಣ್ಣು ಸಣ್ಣದು. ನಾಳೆ ಗಾಳಕ್ಕೆ ಬರಬೇಕಾದ ಮೀನೇ ಇವತ್ತು ಬಲೆಯ ಜೇಬಿನಲ್ಲಿ ಬೆರಳುದ್ದದ ಮರಿಯಾಗಿ ಸಿಗುತ್ತದೆ. ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ಬಲೆಯನ್ನು ಎರೆಗೆಂದು ಯಾರೂ ಕೊಳ್ಳಬಾರದು. ಕಿರುಬೆರಳಿನ ತುದಿ ತೂರುವಷ್ಟಾದರೂ ಕಣ್ಣು ಇರಲಿ.

ಆಯ್ದು ಬಿಡುವ ಕೆಲಸ ದಡದ ಮೇಲಲ್ಲ, ನೀರಿನಲ್ಲೇ ಆಗಬೇಕು. ಬಲೆಯ ಬುಡವನ್ನು ಮೊಣಕಾಲು ನೀರಿನಲ್ಲಿ ಇಟ್ಟುಕೊಂಡು ಜೇಬುಗಳನ್ನು ಒಂದೊಂದಾಗಿ ಬಿಚ್ಚಬೇಕು. ಕೈ ಒದ್ದೆಯಾಗಿರಬೇಕು, ಒಣಗೈ ಮೀನಿನ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ, ಅಂಥ ಮೀನು ಬಿಟ್ಟರೂ ಉಳಿಯುವುದು ಕಷ್ಟ. ಮೊದಲು ಬಿಡುವ ಮರಿಗಳನ್ನು ಬಿಟ್ಟು, ಆಮೇಲೆ ಬಕೆಟ್ಟಿಗೆ ಬೇಕಾದ್ದನ್ನು ಎಣಿಸಿಕೊಳ್ಳಬೇಕು. ಗುರುತು ಹಿಡಿಯುವುದು ಕಷ್ಟವಲ್ಲ. ಎಳೆಯ ಕುರುಡಿಯ ಮೈ ಕಂದು ಮಚ್ಚೆಯದು, ಮೂತಿಯಿಂದ ನೆತ್ತಿಗೆ ಒಂದು ಬಿಳಿ ಗೆರೆ, ಬಾಲದ ತುದಿ ಗುಂಡಗೆ. ಕೆಂಬೇರಿ ಮರಿಗೆ ಮೈಮೇಲೆ ತಿಳಿ ಪಟ್ಟೆಗಳು, ಕಣ್ಣಿನ ಕೆಳಗೆ ಕೆನ್ನೆಯ ಮೇಲೆ ಸಣ್ಣ ನೀಲಿ ಗೆರೆ. ಇಷ್ಟು ಗೊತ್ತಿದ್ದರೆ ಹತ್ತು ವರ್ಷದ ಹುಡುಗನೋ ಹುಡುಗಿಯೋ ಆ ಕೆಲಸವನ್ನು ಚೆನ್ನಾಗಿ ಮಾಡಬಹುದು, ದೊಡ್ಡವರು ಹಗ್ಗದ ಸುರುಳಿ ಸರಿಮಾಡಿಕೊಳ್ಳುವಷ್ಟರಲ್ಲಿ.